ಯಾರಿಗೂ ಬೇಡದ ಕಾರ್ಡುಗಳು ಗೆದ್ದ ಬಗೆ

ಚೆನ್ನೆಮಣೆಗೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಆಟಿ ತಿಂಗಳ ಮಳೆಯಲ್ಲಿ ಚಾವಡಿಯ ಮೇಲೆ ಎದುರುಬದುರು ಕೂತ ಇಬ್ಬರಿಗೂ ಸಮಸಮ ಪಾಲು. ತನಗೆ ಬೇಕಾದ ಕಾಯಿಯನ್ನು ಮನೆಯಿಂದ ಆರಿಸಿ ತರುವ ಮಾತೇ ಅಲ್ಲಿಲ್ಲ. ಇಸ್ಪೀಟಿನಲ್ಲೂ ಅಷ್ಟೆ, ಕಲೆಸುವ ಕಟ್ಟು ಎಲ್ಲರಿಗೂ ಒಂದೇ. ಆದರೆ ಪುತ್ತೂರು, ಸುಳ್ಯ, ಕಡಬದ ಹುಡುಗರು ಈಗ ಮೊಬೈಲಿನಲ್ಲಿ ಆಡುವ ಪೋಕೆಮಾನ್, ಮ್ಯಾಜಿಕ್‌ನಂಥ ಕಾರ್ಡ್ ಆಟಗಳ ಜಾತಿಯೇ ಬೇರೆ. ಅಲ್ಲಿ ಪ್ರತಿಯೊಬ್ಬನೂ ರಾಶಿಗಟ್ಟಲೆ ಕಾರ್ಡುಗಳಿಂದ ಬೇಕಾದ್ದನ್ನು ಹೆಕ್ಕಿ, ಸ್ವಂತ ಡೆಕ್ ಕಟ್ಟಿಕೊಂಡೇ ಬರುತ್ತಾನೆ. ಎದುರಾಳಿಯ ಮುಖ ಕಾಣುವ ಮೊದಲೇ ಅರ್ಧ ಆಟ ನಡೆದುಹೋಗಿರುತ್ತದೆ. ಆ ಮೊದಲರ್ಧವನ್ನು ಹೇಗೆ ಆಡಬೇಕೆಂದು ಯಾವ ನಿಯಮ ಪುಸ್ತಕವೂ ಹೇಳಿರಲಿಲ್ಲ. ಆಟಗಾರರು ಅದನ್ನು ತಾವಾಗಿಯೇ ಕಂಡುಕೊಂಡರು. ನನಗೆ ಈ ಆಟಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದ ಭಾಗ ಅದೇ.

ಆಟ ಹುಟ್ಟಿದ ಕತೆ ಚಿಕ್ಕದು. 1991ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಸಂಶೋಧನಾ ವಿದ್ಯಾರ್ಥಿ ತಾವು ರೂಪಿಸಿದ ಒಂದು ಬೋರ್ಡ್ ಗೇಮ್ ಹಿಡಿದುಕೊಂಡು ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಪುಟ್ಟ ಕಂಪನಿಯ ಪೀಟರ್ ಆಡ್ಕಿಸನ್ ಅವರ ಬಳಿ ಹೋದರು. ಅದನ್ನು ಅಚ್ಚುಹಾಕಿಸುವಷ್ಟು ದುಡ್ಡು ಆಡ್ಕಿಸನ್ ಬಳಿ ಇರಲಿಲ್ಲ. ಜೇಬಿನಲ್ಲಿ ಒಯ್ಯುವಂಥ, ಬೇಗ ಮುಗಿಯುವಂಥ ಏನಾದರೂ ಇದೆಯೇ ಎಂದು ಕೇಳಿದರು. ಅದಕ್ಕೆ ಉತ್ತರವಾಗಿ ಹುಟ್ಟಿದ 'ಮ್ಯಾಜಿಕ್: ದಿ ಗ್ಯಾದರಿಂಗ್' 1993ರ ಆಗಸ್ಟಿನಲ್ಲಿ ಮಾರುಕಟ್ಟೆಗೆ ಬಂತು. ಮೊದಮೊದಲು ಒಂದೇ ಕಾರ್ಡನ್ನು ಎಷ್ಟು ಪ್ರತಿ ಬೇಕಾದರೂ ತುಂಬಬಹುದಿತ್ತು. 1994ರಲ್ಲಿ ಪಂದ್ಯಗಳಿಗೆ ಕಟ್ಟು ಬಿತ್ತು: ಡೆಕ್ಕಿನಲ್ಲಿ ಕನಿಷ್ಠ 60 ಕಾರ್ಡು ಇರಬೇಕು, ಕೆಲವನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರಬಾರದು.

ಈ ಕಟ್ಟಿನೊಳಗೆ ಜನ ಮೊದಲು ಮಾಡಿದ್ದು ಯಾರಿಗಾದರೂ ಹೊಳೆಯುವ ಕೆಲಸ, ಅತಿ ಬಲಿಷ್ಠ ಕಾರ್ಡುಗಳನ್ನೆಲ್ಲ ಒಟ್ಟುಹಾಕುವುದು. ಅದರಾಚೆ ಯೋಚಿಸಿದವರಲ್ಲಿ ಮೊದಲ ದೊಡ್ಡ ಹೆಸರು ಕ್ಯಾಲಿಫೋರ್ನಿಯದ ಬ್ರಯನ್ ವೈಸ್‌ಮನ್. ಅವರ ಡೆಕ್ಕಿನ ಹೆಸರೇ 'ದಿ ಡೆಕ್'. ಅವರು ಎಣಿಸಿದ್ದು ಕಾರ್ಡುಗಳನ್ನು. ನನ್ನ ಒಂದು ಕಾರ್ಡು ಎದುರಾಳಿಯ ಎರಡು ಮೂರು ಕಾರ್ಡನ್ನು ಕೆಲಸಕ್ಕೆ ಬಾರದಂತೆ ಮಾಡಿದರೆ, ಕೊನೆಗೆ ಅವನ ಕೈ ಬರಿದಾಗಿ ನನ್ನ ಕೈ ತುಂಬಿರುತ್ತದೆ. ಹಾರಲಾರದ ಜೀವಿಗಳನ್ನೆಲ್ಲ ತಡೆಯುವ 'ಮೋಟ್' ಎಂಬ ಕಂದಕ, ಅದರ ಮೇಲಿಂದ ಹಾರಿಬಂದು ಹೊಡೆಯುವ 'ಸೆರಾ ಏಂಜಲ್'. ಗೆಲುವು ತಡವಾದರೂ ಬಂದೇ ಬರುತ್ತಿತ್ತು. ಆದರೆ ಆ ಡೆಕ್ಕಿಗೆ ಬೇಕಾಗಿದ್ದು ಅಪರೂಪದ, ದುಬಾರಿ ಕಾರ್ಡುಗಳು.

ಜೇ ಶ್ನೈಡರ್ ಎಂಬ ಇನ್ನೊಬ್ಬ ಆಟಗಾರ ಎಣಿಸಿದ್ದು ಬೇರೆಯದನ್ನು.

ಇದು ಅರ್ಥವಾಗಲು ಆಟದ ಒಂದು ಸಂಗತಿ ಗೊತ್ತಿರಬೇಕು. ಇಬ್ಬರಿಗೂ ಆರಂಭದಲ್ಲಿ 20 ಪ್ರಾಣ, ಅದು ಮುಗಿದವನು ಸೋತ. ಪ್ರತಿ ಸರದಿಗೆ ಒಂದು 'ಲ್ಯಾಂಡ್' ಕಾರ್ಡು ಇಳಿಸಬಹುದು, ಪ್ರತಿ ಲ್ಯಾಂಡ್ ಸರದಿಗೊಂದು 'ಮಾನಾ' ಕೊಡುತ್ತದೆ, ಉಳಿದ ಕಾರ್ಡುಗಳ ಬೆಲೆ ತೆರುವುದು ಈ ಮಾನಾದಲ್ಲಿ. ಮೊದಲ ಸರದಿಗೆ ಒಂದು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕು ಸರದಿಗೆ ಒಟ್ಟು ಹತ್ತು ಮಾನಾ. ಖರ್ಚಾಗದ ಮಾನಾ ಮುಂದಿನ ಸರದಿಗೆ ಉಳಿಯುವುದಿಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ತ್ರೀ ಫೇಸ್ ಕರೆಂಟು ಇದ್ದ ಹೊತ್ತಿನಲ್ಲಿ ಪಂಪು ಹಾಕದೆ ಕೂತರೆ ಆ ನೀರು ಹೋದಂತೆಯೇ. ನಾಳೆ ಬರುವುದು ನಾಳೆಯ ಕರೆಂಟು.

ಈಗ ಲೆಕ್ಕ ಹಾಕಿ. ನಾಲ್ಕು ಮಾನಾ ಬೆಲೆಯ ಭಾರೀ ಜೀವಿಗಳನ್ನೇ ತುಂಬಿಕೊಂಡವನು ಮೂರು ಸರದಿ ಸುಮ್ಮನೆ ಕೂತು ನಾಲ್ಕನೆಯದರಲ್ಲಿ ಒಂದನ್ನು ಇಳಿಸುತ್ತಾನೆ. ಹತ್ತರಲ್ಲಿ ಅವನು ಬಳಸಿದ್ದು ನಾಲ್ಕು. ಮೊದಲ ಸರದಿಯಿಂದಲೇ ಒಂದರದು, ಎರಡರದು, ಮೂರರದು ಎಂದು ಇಳಿಸುತ್ತ ಹೋದವನು ಹತ್ತಕ್ಕೆ ಹತ್ತೂ ಬಳಸಿದ್ದಾನೆ. ಇವನ ಒಂದೊಂದು ಕಾರ್ಡೂ ಅವನದಕ್ಕಿಂತ ಬಡಕಲೇ ಇರಬಹುದು, ಆದರೆ ಭಾರೀ ಜೀವಿ ನೆಲಕ್ಕಿಳಿಯುವ ಹೊತ್ತಿಗೆ ಎದುರಾಳಿಯ ಪ್ರಾಣ ಆಗಲೇ ಸಾಕಷ್ಟು ಸೋರಿಹೋಗಿರುತ್ತದೆ. ಹಾಗಾದರೆ ಡೆಕ್ ಕಟ್ಟುವಾಗ ಕೇಳಬೇಕಾದ ಪ್ರಶ್ನೆ 'ಈ ಕಾರ್ಡು ಎಷ್ಟು ಒಳ್ಳೆಯದು' ಎಂಬುದಲ್ಲ, 'ಎರಡನೆಯ ಸರದಿಯಲ್ಲಿ ಎರಡು ಮಾನಾ ಖರ್ಚುಮಾಡಲು ನನ್ನ ಕೈಯಲ್ಲಿ ಏನಾದರೂ ಇರುತ್ತದೆಯೇ' ಎಂಬುದು.

ಇರುತ್ತದೆಯೇ ಎಂದು ತಿಳಿಯಲು ಗಣಿತವಿದೆ. 60ರ ಡೆಕ್ಕಿನಲ್ಲಿ ಒಂದು ಕಾರ್ಡಿನ ನಾಲ್ಕು ಪ್ರತಿ ಇಟ್ಟರೆ, ಮೊದಲು ಕೈಗೆ ಬರುವ ಏಳರಲ್ಲಿ ಅದು ಒಂದಾದರೂ ಇರುವ ಸಾಧ್ಯತೆ ಸುಮಾರು ಶೇಕಡಾ 40. ಎಷ್ಟೇ ದೊಡ್ಡ ಕಾರ್ಡಾದರೂ ಹತ್ತರಲ್ಲಿ ಆರು ಸಲ ಅದು ಆರಂಭದಲ್ಲಿ ಕೈಯಲ್ಲೇ ಇರುವುದಿಲ್ಲ. ಬದಲಿಗೆ ಒಂದೇ ಬೆಲೆಯ, ಹೆಚ್ಚುಕಡಿಮೆ ಒಂದೇ ಕೆಲಸದ 12 ಕಾರ್ಡುಗಳಿದ್ದರೆ ಆ ಸಾಧ್ಯತೆ ಶೇಕಡಾ 81ಕ್ಕೆ ಏರುತ್ತದೆ. ಒಂದರ ಬೆಲೆಯವು ಹೆಚ್ಚು, ಎರಡರವು ಸ್ವಲ್ಪ ಕಡಿಮೆ, ಮೂರರವು ಇನ್ನೂ ಕಡಿಮೆ, ನಾಲ್ಕರವು ಬೆರಳೆಣಿಕೆ. ಶ್ನೈಡರ್ ಕಟ್ಟಿದ್ದು ಇಂಥ ಇಳಿಜಾರಿನ ಡೆಕ್. ಆಟಗಾರರು ಇದನ್ನು 'ಮಾನಾ ಕರ್ವ್' ಎನ್ನುತ್ತಾರೆ.

ಅವರು ಆರಿಸಿಕೊಂಡ ಕೆಂಪು ಬಣ್ಣದ ಡೆಕ್ಕಿನಲ್ಲಿ 'ಐರನ್‌ಕ್ಲಾ ಆರ್ಕ್ಸ್' ಎಂಬ ಕಾರ್ಡಿತ್ತು. ಬೆಲೆ ಎರಡು, ಬಲ ಎರಡು, ತಾಳಿಕೆ ಎರಡು. ಜೊತೆಗೊಂದು ಹೇಡಿತನ: ಎರಡು ಅಥವಾ ಅದಕ್ಕಿಂತ ಹೆಚ್ಚು ಬಲದ ಜೀವಿ ಮೈಮೇಲೆ ಬಂದರೆ ಇವು ಅಡ್ಡ ನಿಲ್ಲುವುದಿಲ್ಲ. ಅದಕ್ಕೇ ಅವು ಯಾರಿಗೂ ಬೇಡದ ಕಾರ್ಡುಗಳಾಗಿದ್ದವು. ಆದರೆ ಸದಾ ಮುನ್ನುಗ್ಗುವ ಡೆಕ್ಕಿನಲ್ಲಿ ಅಡ್ಡ ನಿಲ್ಲುವ ಕೆಲಸ ಎಲ್ಲಿದೆ? ಆ ಕೊರತೆಗೆ ಇಲ್ಲಿ ಲೆಕ್ಕವೇ ಇಲ್ಲ. ಎರಡನೆಯ ಸರದಿಗೆ ಇಳಿದರೆ ಮೂರನೆಯದರಿಂದ ಹೊಡೆತ ಶುರು. ತಡೆಯುವವರಿಲ್ಲದಿದ್ದರೆ ಆರನೆಯ ಸರದಿಗೆ ಎಂಟು ಪ್ರಾಣ ಹೋಯಿತು. ದಾರಿಗೆ ಅಡ್ಡ ಬಂದವರನ್ನು ಸುಡಲು 'ಲೈಟ್ನಿಂಗ್ ಬೋಲ್ಟ್', ಒಂದು ಮಾನಾಕ್ಕೆ ಮೂರು ಏಟು. ಅಡ್ಡ ಬರುವವರೇ ಇಲ್ಲವಾದರೆ ಆ ಮೂರನ್ನೂ ಎದುರಾಳಿಯ ಮೇಲೆಯೇ ಎಸೆಯಬಹುದು.

ಶ್ನೈಡರ್ ಈ ಡೆಕ್ಕಿಗೆ ಇಟ್ಟ ಹೆಸರು 'ಗೀಬಾ'. 1996ರಲ್ಲಿ ಅಟ್ಲಾಂಟಾದಲ್ಲಿ ನಡೆದ, 'ಪ್ರೊ ಟೂರ್' ಎಂಬ ದೊಡ್ಡ ಮ್ಯಾಜಿಕ್ ಪಂದ್ಯಾವಳಿಯ ಅರ್ಹತಾ ಪಂದ್ಯದಲ್ಲಿ ಅದನ್ನು ಆಡಿದ್ದು ಪಾಲ್ ಸ್ಲೈ. ಹೇಡಿ ಆರ್ಕುಗಳನ್ನು ಹಿಡಿದುಕೊಂಡು ಬಂದ ಅವರು ಎರಡನೆಯ ಸ್ಥಾನ ಪಡೆದರು. ಫಲಿತಾಂಶದ ಪಟ್ಟಿ ನೋಡಿದವರಿಗೆ ಇದೇನೆಂದು ಮೊದಲು ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ. ಒಂದೊಂದೇ ಕಾರ್ಡಾಗಿ ಓದಿದರೆ ಅದರಲ್ಲಿ ಏನೂ ಇಲ್ಲ, ಬೆಲೆವಾರು ಜೋಡಿಸಿ ನೋಡಿದರೆ ಮಾತ್ರ ಎಲ್ಲವೂ ಇದೆ. ಡೆಕ್ಕಿಗೆ ಆಡಿದವರ ಹೆಸರೇ ಅಂಟಿಕೊಂಡು 'ಸ್ಲೈ' ಆಯಿತು. ಸ್ಲೈ ಅವರ ಧೈರ್ಯ ಸಣ್ಣದಲ್ಲ, ನಿಜ. ಆದರೂ ಪಂದ್ಯಕ್ಕೆ ಮೊದಲೇ ಕೂತು ಲೆಕ್ಕ ಹಾಕಿದ ಶ್ನೈಡರ್ ಹೆಸರನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕೆಂದು ನನಗನ್ನಿಸುತ್ತದೆ.

ಇಂದು ಮೊಬೈಲಿನಲ್ಲಿ ಮ್ಯಾಜಿಕ್ ಡೆಕ್ ಕಟ್ಟುವ ಕಡಬದ ಹುಡುಗನಿಗೆ ಪರದೆಯ ಮೇಲೆ ಸಾಲು ಕಂಬಗಳು ಕಾಣುತ್ತವೆ. ಒಂದರ ಬೆಲೆಯವು ಇಷ್ಟು, ಎರಡರವು ಇಷ್ಟು ಎಂದು ತೋರಿಸುವುದು ಅವು. ಶ್ನೈಡರ್ ಎಣಿಸಿದ್ದು ಅವನ್ನೇ. ವೇಗದ ಡೆಕ್ ಕಟ್ಟುವವರಷ್ಟೇ ಅಲ್ಲ, ವೈಸ್‌ಮನ್ ದಾರಿಯಲ್ಲಿ ಕಾದು ಗೆಲ್ಲುವವರೂ ಮೊದಲ ಮೂರು ಸರದಿಗೆ ಅಗ್ಗದ ತಡೆಗಳನ್ನು ಇಟ್ಟುಕೊಳ್ಳಲೇಬೇಕು. ಸುಮ್ಮನೆ ಕೂತರೆ ಕಾಯುವಷ್ಟು ಪ್ರಾಣವೇ ಉಳಿಯುವುದಿಲ್ಲ.

ಅಟ್ಲಾಂಟಾದಲ್ಲಿ ಕೈತಪ್ಪಿದ ಮೊದಲ ಸ್ಥಾನ ಎರಡೇ ವರ್ಷಕ್ಕೆ ಇನ್ನೂ ದೊಡ್ಡ ವೇದಿಕೆಯಲ್ಲಿ ಬಂತು. 1998ರ ಲಾಸ್ ಏಂಜಲೀಸ್ ಪ್ರೊ ಟೂರನ್ನು ಡೇವಿಡ್ ಪ್ರೈಸ್ ಇಂಥದೇ ಕೆಂಪು ಡೆಕ್ಕಿನಿಂದ ಗೆದ್ದರು. ಅದರಲ್ಲಿದ್ದ 'ಜ್ಯಾಕಲ್ ಪಪ್'ನ ಬೆಲೆ ಒಂದೇ ಮಾನಾ, ಬಲ ಎರಡು. ಆ ನರಿಮರಿಗೆ ಬಿದ್ದ ಏಟು ಒಡೆಯನಿಗೂ ಬೀಳುತ್ತದೆ. ಆ ಹೊತ್ತಿಗೆ ಅದನ್ನು ಕೆಟ್ಟ ಕಾರ್ಡು ಎಂದು ಬದಿಗಿಡುವಂತಿರಲಿಲ್ಲ.