ಬಟ್ಟೆ ಸವೆದರೂ ಉಳಿಯುವ ಅಂಚು

ವಾಮದಪದವು ಬಂಟ್ವಾಳ ತಾಲೂಕಿನದು. ಇತ್ತ ಮೂಡುಬಿದಿರೆ, ಅತ್ತ ಬೆಳ್ತಂಗಡಿ. ಈ ಭಾಗದ ಹೆಂಗಸರ ಕೈಕೆಲಸ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬೀಡಿ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಎಲೆ ಸುತ್ತಿದ ದುಡ್ಡಿನಲ್ಲೇ ಮಕ್ಕಳನ್ನು ಓದಿಸಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಯಾವ ಲೆಕ್ಕಕ್ಕೂ ಸಿಗದ ಇನ್ನೊಂದು ಕೈಕೆಲಸ ಕ್ರೋಶ. ತಲೆದಿಂಬಿನ ಕವರು, ಟೀಪಾಯಿಯ ಬಟ್ಟೆ, ಕರವಸ್ತ್ರ, ಇಗರ್ಜಿಯ ಪೀಠಕ್ಕೆ ಹಾಸುವ ಬಿಳಿ ವಸ್ತ್ರ, ಇವುಗಳ ಅಂಚಿಗೆ ಕೊಕ್ಕೆಕಡ್ಡಿಯಲ್ಲಿ ಹೆಣೆಯುವ ಲೇಸು.

ಕರಾವಳಿಯಲ್ಲಿ ಈ ಕಲೆಯನ್ನು ಹಬ್ಬಿಸಿದವರಲ್ಲಿ ಕಾನ್ವೆಂಟಿನ ಸಿಸ್ಟರುಗಳು ಮುಖ್ಯರು. ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದದ್ದು 1870ರಲ್ಲಿ. ಕಾನ್ವೆಂಟ್ ಶಾಲೆಗಳಲ್ಲಿ ಪಾಠದ ಜೊತೆ ಸೂಜಿ ಕೆಲಸವೂ ಇರುತ್ತಿತ್ತು. ಐರ್ಲೆಂಡಿನಲ್ಲಿ 1840ರ ದಶಕದ ಬರಗಾಲದಲ್ಲಿ ಹಸಿದ ಮನೆಗಳ ಹುಡುಗಿಯರಿಗೆ ಸಂಪಾದನೆಯ ದಾರಿಯಾಗಲೆಂದು ಕ್ರೋಶ ಹೇಳಿಕೊಟ್ಟವರಲ್ಲೂ ಕಾನ್ವೆಂಟಿನವರಿದ್ದರು.

ಅಂಚು ಕಟ್ಟುವುದು ನೋಡಿದಷ್ಟು ಸುಲಭವಲ್ಲ. ಹೊಸ ಹತ್ತಿ ಬಟ್ಟೆಯನ್ನು ಮೊದಲು ನೆನೆಸಿ, ತೊಳೆದು ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ಲೇಸು ಜೋಲುತ್ತದೆ. ಆಮೇಲೆ ಅಂಚು ಮಡಚಿ ಹೊಲಿದು, ಸಣ್ಣ ಉಕ್ಕಿನ ಕಡ್ಡಿಯನ್ನು ಬಟ್ಟೆಯಲ್ಲೇ ತೂರಿಸಿ ಮೊದಲ ಸಾಲು ಹಾಕುವುದು. ಬಟ್ಟೆ ದಪ್ಪವಾಗಿದ್ದರೆ ಸೂಜಿಯಲ್ಲಿ ಕಂಬಳಿ ಹೊಲಿಗೆ ಹಾಕಿ, ಆ ಕುಣಿಕೆಗಳ ಮೇಲೆ ಹೆಣೆಯುತ್ತಾರೆ. ಸಾಲಿನಲ್ಲಿ ಹೊಲಿಗೆ ಕಡಿಮೆಯಾದರೆ ಬಟ್ಟೆ ಎಳೆದು ಸುರುಟುತ್ತದೆ. ಹೆಚ್ಚಾದರೆ ಲೇಸು ನಿರಿಗೆಗಟ್ಟುತ್ತದೆ. ಮೂಲೆಯಲ್ಲಿ ಒಂದೇ ತೂತಿಗೆ ಮೂರು ಹೊಲಿಗೆ, ಆಗಲೇ ತಿರುವು ಸಲೀಸು. ಚಿಪ್ಪಿನ ವಿನ್ಯಾಸಕ್ಕೆ ಆರಾರು ಹೊಲಿಗೆ ಬೇಕಾದರೆ ಸುತ್ತಿನ ಒಟ್ಟು ಎಣಿಕೆ ಆರರಿಂದ ಭಾಗವಾಗಬೇಕು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯಂದಿರೂ ಈ ಲೆಕ್ಕದಲ್ಲಿ ತಪ್ಪುವವರಲ್ಲ.

ಇಡೀ ಮೇಜುಹಾಸನ್ನೇ ಕ್ರೋಶದಲ್ಲಿ ಮಾಡಲು ಹೊರಟು ಅರ್ಧದಲ್ಲಿ ಕಪಾಟಿಗೆ ತಳ್ಳುವವರಿಗಿಂತ ಅಂಚು ಕಟ್ಟುವವರೇ ಜಾಣರು ಎನ್ನುವುದು ನನ್ನ ಅಭಿಪ್ರಾಯ. ಕೆಲಸ ಮುಗಿಯುತ್ತದೆ, ದಿನಬಳಕೆಗೆ ಬರುತ್ತದೆ. ಗಟ್ಟಿ ನೂಲಿನ ಲೇಸು ಬಟ್ಟೆಗಿಂತ ಹೆಚ್ಚು ಬಾಳುವುದೂ ಉಂಟು. ದಿಂಬಿನ ಕವರು ಸವೆದಾಗ ಲೇಸನ್ನು ಬಿಡಿಸಿಕೊಂಡು ಹೊಸದಕ್ಕೆ ಹೊಲಿದರಾಯಿತು.

ನಿಜವಾದ ಕ್ರೋಶವನ್ನು ಹೆಣೆಯುವ ಯಂತ್ರ ಇನ್ನೂ ಮಾರುಕಟ್ಟೆಗೆ ಬಂದಿಲ್ಲ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ‘ಕ್ರೋಶ ಲೇಸು’ ಯಂತ್ರದ್ದಾಗಿದ್ದರೆ ಅದು ಬೇರೆಯೇ ಹೆಣಿಗೆ. ಆದರೂ ಕೈಕೆಲಸಕ್ಕೆ ಬೆಲೆ ಏರಿಲ್ಲ. ಆಂಧ್ರದ ನರಸಾಪುರದಲ್ಲಿ ಲೇಸು ಹೆಣೆಯುವವರ ಬಗ್ಗೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೂಲವನ್ನು ಹಿಡಿಯಿತು: ಹೆಣೆಯುವವಳನ್ನು ಗೃಹಿಣಿ ಎಂದು ಕರೆದು, ಅವಳ ದುಡಿಮೆಯನ್ನು ಬಿಡುವಿನ ಹವ್ಯಾಸವೆಂದು ಎಣಿಸಿ ಕೂಲಿ ಇಳಿಸಲಾಗಿತ್ತು. ನಮ್ಮಲ್ಲಿ ಈಗ ಸೀರೆಯ ಸೆರಗಿನ ಕ್ರೋಶ ಕುಚ್ಚಿಗೆ ಬೇಡಿಕೆ ಬಂದಿದೆ. ಮದುವೆ ಸೀರೆಗೆ ತಕರಾರಿಲ್ಲದೆ ಹಣ ಕೊಡುವವರೇ ದಿಂಬಿನ ಕವರಿನ ಅಂಚಿಗೆ ಬಂದಾಗ ಚೌಕಾಸಿಗೆ ಇಳಿಯುತ್ತಾರೆ.

ಪರಿಚಯದ ಅಕ್ಕನೊಬ್ಬರಿಂದ ಅಂಚು ಕಟ್ಟಿಸುವುದಾದರೆ ಎಷ್ಟು ಮೊಳ ಎಂದು ಅಳೆಯಬೇಡಿ. ಎಷ್ಟು ಹೊತ್ತು ಕೂತು ಹೆಣೆದಿರಿ ಎಂದು ಕೇಳಿ, ಅದಕ್ಕೆ ತಕ್ಕಂತೆ ಕೊಡಿ.