ದಣಿದ ರಾತ್ರಿಗೂ ಅರ್ಧ ಗಂಟೆಯಲ್ಲಿ ಬಿಸಿ ಊಟ

ಗುಡಿಬಂಡೆ: ಹೊಲದ ಕೆಲಸ, ಹುಳುಮನೆಯ ಕೆಲಸ, ಮಡಕಶಿರಾ ಅಥವಾ ಹಿಂದೂಪುರದಲ್ಲಿ ದಿನಗೂಲಿ ಮುಗಿಸಿ ಮನೆ ಸೇರುವಷ್ಟರಲ್ಲಿ ರಾತ್ರಿ ಏಳೂವರೆ. ಮಕ್ಕಳಿಗೆ ಹಸಿವು, ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು, ಅಡುಗೆ ಮಾಡುವವರಿಗೆ ಕಾಲು ಎತ್ತಿಡಲೂ ಆಗದಷ್ಟು ಆಯಾಸ. ಗಡಿ ಭಾಗದ ಬಹುತೇಕ ಮನೆಗಳ ಕಥೆ ಇದೇ. ಇಂತಹ ರಾತ್ರಿಗಳಲ್ಲಿ ಒಂದು ಪಾವು ಅಕ್ಕಿ ಬೇಯಿಸಿ, ಉಪ್ಪಿನಕಾಯಿ ಅಥವಾ ನೀರು ಸಾರು ಕಲಸಿಕೊಂಡು ಊಟ ಮುಗಿಸುವುದು ವಾಡಿಕೆಯಾಗಿದೆ.

ಒಂದು ದಿನ ಹೀಗಾದರೆ ಚಿಂತೆಯಿಲ್ಲ. ವಾರಕ್ಕೆ ನಾಲ್ಕು ದಿನ ಹೀಗಾದರೆ ಮನೆಯ ಆರೋಗ್ಯಕ್ಕೆ ಪೆಟ್ಟು ಬೀಳುತ್ತದೆ. ಏಕೆಂದರೆ ದಣಿವಾದ ದಿನ ತಟ್ಟೆಯಿಂದ ಮೊದಲು ಮಾಯವಾಗುವುದು ಅನ್ನವಲ್ಲ, ಬೇಳೆ, ಕಾಳು ಮತ್ತು ಸೊಪ್ಪು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕೂರುವ ತಾಯಿಯ ಪಾಲಿಗೆ ಇವು ಇನ್ನೂ ಕಡಿಮೆ. ಸುಸ್ತು, ರಕ್ತಹೀನತೆ, ಕಾಲುನೋವು ಎಂದು ಆಸ್ಪತ್ರೆಗೆ ಅಲೆಯುವ ಮೊದಲು ರಾತ್ರಿಯ ತಟ್ಟೆಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಅಕ್ಕಿ ಬಂದ ಮೇಲೆ

ಮಡಕಶಿರಾ, ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರ ಮಂಡಲಗಳಲ್ಲಿ ಹಿಂದೆ ರಾತ್ರಿ ಊಟವೆಂದರೆ ರಾಗಿ ಮುದ್ದೆ. ಅನ್ನ ಹಬ್ಬಕ್ಕೆ, ನೆಂಟರಿಗೆ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡಲು ಶುರು ಮಾಡಿದ ಮೇಲೆ ಬಡವರ ಮನೆಗೂ ಅನ್ನ ಬಂತು. ಹಸಿವು ನೀಗಿಸಿದ ಯೋಜನೆ ಅದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅನ್ನ ಸುಲಭ, ಮುದ್ದೆ ಕಷ್ಟ ಎಂಬ ಭಾವನೆಯೂ ಅದರ ಜೊತೆಗೇ ಬೆಳೆಯಿತು.

100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು ಮಾತ್ರ. ಈ ಭಾಗದ ಹೊಲಗಳಲ್ಲಿ ಬೆಳೆಯುವ ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಹುರುಳಿಯಲ್ಲಿ ಸುಮಾರು 22 ಗ್ರಾಂ. ವಿಶ್ವಸಂಸ್ಥೆ 2023ನೇ ಇಸವಿಯನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣಗಳಲ್ಲಿ ರಾಗಿಗೆ ಬೇಡಿಕೆ ಬಂದಿದೆ. ರಾಗಿ ಬೆಳೆಯುವ ಊರಿನಲ್ಲೇ ಅದು ರಾತ್ರಿಯ ತಟ್ಟೆಯಿಂದ ಇಳಿದರೆ ನಷ್ಟ ನಮ್ಮದೇ.

ಸಮಯ ಹೋಗುವುದು ಎಲ್ಲಿ?

ಮುದ್ದೆ ಕಟ್ಟಲು ಹಿಡಿಯುವುದು 15 ನಿಮಿಷ. ಸೊಪ್ಪಿನ ಸಾರು ಒಲೆಯ ಮೇಲೆ ಇರುವುದು 20 ನಿಮಿಷ. ಹಾಗಾದರೆ ಅಡುಗೆ ಒಂದೂವರೆ ಗಂಟೆ ಎಳೆಯುವುದೇಕೆ? ಬೇಳೆ ನೆನೆದಿರುವುದಿಲ್ಲ, ಸೊಪ್ಪು ಬಿಡಿಸಿರುವುದಿಲ್ಲ, ಹುಣಸೆಹಣ್ಣು ಗಟ್ಟಿಯಾಗಿಯೇ ಇರುತ್ತದೆ, ಖಾರ ರುಬ್ಬುವ ಹೊತ್ತಿಗೆ ಕರೆಂಟು ಇರುವುದಿಲ್ಲ. ಅಂದರೆ ತಡವಾಗುವುದು ಒಲೆಯ ಮೇಲಲ್ಲ, ಒಲೆ ಹಚ್ಚುವ ಮೊದಲು. ಬೆಳಿಗ್ಗೆ 10 ನಿಮಿಷ ಕೊಟ್ಟರೆ ರಾತ್ರಿಯ ಒಂದು ಗಂಟೆ ಉಳಿಯುತ್ತದೆ.

ಬೆಳಿಗ್ಗೆ ಮನೆ ಬಿಡುವ ಮೊದಲು ಮಾಡಿಡಬೇಕಾದ್ದು ಇಷ್ಟೇ:

1. ರಾತ್ರಿಗೆ ಬೇಕಾದ ಬೇಳೆ ಅಥವಾ ಕಾಳನ್ನು ತೊಳೆದು ನೆನೆಹಾಕುವುದು. ಬಿರು ಬೇಸಿಗೆಯಲ್ಲಿ ಬೇಳೆ ಹುಳಿ ಬರುವ ಭಯವಿದ್ದರೆ ಪಾತ್ರೆಯನ್ನು ಮಣ್ಣಿನ ಮಡಕೆಯ ಪಕ್ಕ ತಂಪಾದ ಜಾಗದಲ್ಲಿಟ್ಟು, ಬೇಯಿಸುವಾಗ ಆ ನೀರು ಚೆಲ್ಲಿ ಹೊಸ ನೀರು ಹಾಕಬೇಕು.

2. ನಿಂಬೆ ಗಾತ್ರದ ಹುಣಸೆಹಣ್ಣನ್ನು ಒಂದು ಬಟ್ಟಲು ನೀರಿನಲ್ಲಿ ನೆನೆಸಿ ಮುಚ್ಚಿಡುವುದು.

3. ಸೊಪ್ಪು ಬಿಡಿಸಿ, ತೊಳೆಯದೆ ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು. ತೊಳೆಯುವ ಕೆಲಸ ರಾತ್ರಿ ಮಾಡಿದರೆ ಸಾಕು.

4. ವಾರಕ್ಕೊಮ್ಮೆ ಒಂದು ಸೇರು ಶೇಂಗಾ ಹುರಿದು, ಸಿಪ್ಪೆ ತೆಗೆದು ಡಬ್ಬಿಗೆ ಹಾಕುವುದು. ಅದರಲ್ಲಿ ಅರ್ಧವನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪಿನೊಂದಿಗೆ ಪುಡಿ ಮಾಡಿಟ್ಟರೆ ಕರೆಂಟು ಹೋದರೂ ಊಟ ನಿಲ್ಲುವುದಿಲ್ಲ.

ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ ಎಂಬ ದೂರು ಸಾಮಾನ್ಯ. ಅದಕ್ಕೆ ಕಾರಣ ನೀರಿನ ಗಡಸುತನ. ಅದರಲ್ಲಿರುವ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ನೆನೆಸಲು ಮತ್ತು ಬೇಯಿಸಲು ಕುಡಿಯುವ ಶುದ್ಧ ನೀರನ್ನೇ ಬಳಸಿದರೆ ಗ್ಯಾಸೂ ಉಳಿಯುತ್ತದೆ. ಹುಣಸೆ ಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಬೇಳೆ ಕಲ್ಲಿನಂತೆ ನಿಲ್ಲುತ್ತದೆ.

ಐದು ರಾತ್ರಿ, ಐದು ಊಟ

ಕೆಳಗಿನ ಅಳತೆಗಳೆಲ್ಲ ನಾಲ್ಕು ಜನರಿಗೆ. ಹೊಲದ ಕೆಲಸ ಮಾಡಿ ಬಂದವರಿದ್ದರೆ ಸ್ವಲ್ಪ ಹೆಚ್ಚಿಸಿಕೊಳ್ಳಬಹುದು.

ಮುದ್ದೆ, ಮಸ್ಸೊಪ್ಪು (30 ನಿಮಿಷ)

ತೆಲುಗಿನವರ ಮನೆಯಲ್ಲಿ ಇದು ಸಂಗಟಿ ಮತ್ತು ಆಕುಕೂರ ಪಪ್ಪು. ನೆನೆದ ತೊಗರಿಬೇಳೆ ಮುಕ್ಕಾಲು ಲೋಟ, ಎರಡು ಕಟ್ಟು ದಂಟು, ಹೊನಗನ್ನೆ ಅಥವಾ ಯಾವುದೇ ಸೊಪ್ಪು, ಒಂದು ಈರುಳ್ಳಿ, ಐದಾರು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ ಎಲ್ಲವನ್ನೂ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿ. ಆವಿ ಇಳಿದ ಮೇಲೆ ಮಸೆದು, ಹುಣಸೆ ರಸ, ಉಪ್ಪು ಹಾಕಿ ಒಂದು ಕುದಿ ಬರಿಸಿ ಒಗ್ಗರಣೆ ಕೊಟ್ಟರೆ ಮುಗಿಯಿತು.

ಕುಕ್ಕರ್ ಕೂಗುತ್ತಿರುವಾಗಲೇ ಪಕ್ಕದ ಒಲೆಯಲ್ಲಿ 4 ಲೋಟ ನೀರಿಡಿ. ಒಂದು ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಕುದಿ ಬರಲಿ. ನಂತರ 2 ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಉರಿ ತಗ್ಗಿಸಿ 5 ನಿಮಿಷ ಬಿಡಿ. ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುಗಿಸಿ, ಮುಚ್ಚಿ ಎರಡು ನಿಮಿಷ ಬೇಯಿಸಿ, ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿ. ಹಿಟ್ಟು ಹಾಕಿದ ಕೂಡಲೇ ಕಲಕುವುದೇ ಗಂಟಾಗಲು ಮುಖ್ಯ ಕಾರಣ.

ಒಂದೇ ಒಲೆ ಇರುವ ಮನೆಯಲ್ಲಿ ಸಾರು ಮೊದಲು, ಮುದ್ದೆ ಆಮೇಲೆ. ಸಾರು ಆರಿದರೆ ಬಿಸಿ ಮಾಡಬಹುದು, ಮುದ್ದೆ ಆರಿದರೆ ಗಟ್ಟಿಯಾಗುತ್ತದೆ.

ಒಂದೇ ಕುಕ್ಕರಿನ ಪುಲಗಂ, ಶೇಂಗಾ ಚಟ್ನಿ (30 ನಿಮಿಷ)

ಕನ್ನಡದಲ್ಲಿ ಖಾರ ಹುಗ್ಗಿ ಎನ್ನಿ, ತೆಲುಗಿನಲ್ಲಿ ಪುಲಗಂ ಎನ್ನಿ, ಪಾತ್ರೆ ಒಂದೇ. ಒಂದೂವರೆ ಲೋಟ ಅಕ್ಕಿ, ಅರ್ಧ ಲೋಟ ಹುರಿದ ಹೆಸರುಬೇಳೆ, 6 ಲೋಟ ನೀರು, ಜೀರಿಗೆ, ಮೆಣಸು, ಶುಂಠಿ, ಅರಿಶಿನ, ಉಪ್ಪು. ನಾಲ್ಕು ವಿಷಲ್ ಸಾಕು. ಹೆಸರುಬೇಳೆ ನೆನೆಸದಿದ್ದರೂ ಬೇಯುವುದರಿಂದ, ಬೆಳಿಗ್ಗೆ ಏನೂ ತಯಾರಿ ಮಾಡದ ದಿನಕ್ಕೆ ಇದೇ ಸರಿ.

ಕುಕ್ಕರ್ ತಣಿಯುವಷ್ಟರಲ್ಲಿ ಎರಡು ಹಿಡಿ ಹುರಿದ ಶೇಂಗಾ, ನಾಲ್ಕು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿದರೆ ರಾಯಲಸೀಮೆಯ ಊರುಬಿಂಡಿ ಸಿದ್ಧ. ಅಕ್ಕಿ, ಬೇಳೆ, ಶೇಂಗಾ ಮೂರೂ ಸೇರುವುದರಿಂದ ಬೆಳೆಯುವ ಮಕ್ಕಳಿಗೆ ಒಳ್ಳೆಯ ಊಟ.

ಸುಟ್ಟ ಬದನೆಕಾಯಿ ಹಸಿಗೊಜ್ಜು (20 ನಿಮಿಷ)

ಪಚ್ಚಿ ಪುಲುಸು ಎಂದರೂ ಇದೇ ಜಾತಿ. ಎರಡು ಬದನೆಕಾಯಿ, ನಾಲ್ಕು ಹಸಿಮೆಣಸಿನಕಾಯಿಯನ್ನು ಉರಿಯ ಮೇಲೆ ಸುಟ್ಟು ಸಿಪ್ಪೆ ತೆಗೆದು ಕಿವುಚಿ, ಹುಣಸೆ ರಸ, ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಉಪ್ಪು, ಚೂರು ಬೆಲ್ಲ ಸೇರಿಸಿದರೆ ಆಯಿತು. ಕುದಿಸುವ ಕೆಲಸವೇ ಇಲ್ಲ. ಆದರೆ ಗೊಜ್ಜೊಂದೇ ಆದರೆ ಪ್ರೋಟೀನ್ ಕಡಿಮೆ. ಹಾಗಾಗಿ ಮೂರು ಚಮಚ ಶೇಂಗಾ ಪುಡಿಯನ್ನು ಗೊಜ್ಜಿಗೇ ಕಲಸಿಬಿಡಬೇಕು. ರುಚಿಯೂ ಹೆಚ್ಚು. ಮುದ್ದೆಗೂ ಅನ್ನಕ್ಕೂ ಹೊಂದುತ್ತದೆ.

ಉಗ್ಗಾಣಿ (15 ನಿಮಿಷ)

ರಾಯದುರ್ಗ, ಬಳ್ಳಾರಿ ಕಡೆ ಮಂಡಕ್ಕಿ, ಇಲ್ಲಿ ಪುರಿ, ತೆಲುಗಿನಲ್ಲಿ ಬೊರುಗುಲು. ಎಂಟು ಲೋಟ ಪುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿಡಿ. ಬಾಣಲೆಯಲ್ಲಿ ಒಗ್ಗರಣೆ, ಒಂದು ಹಿಡಿ ಶೇಂಗಾ, ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ, ಅರಿಶಿನ ಬಾಡಿಸಿ, ಪುರಿ ಹಾಕಿ ಮಗುಚಿ, ಮೇಲೆ ಮೂರು ಚಮಚ ಹುರಿಗಡಲೆ ಪುಡಿ ಉದುರಿಸಿ ನಿಂಬೆರಸ ಹಿಂಡಿ. ಬೆಳಗಿನ ತಿಂಡಿಯೆಂದು ಹೆಸರಾದರೂ ರಾತ್ರಿಗೂ ಅಡ್ಡಿಯಿಲ್ಲ. ಪುರಿ ಬೇಗ ಜೀರ್ಣವಾಗಿ ಮತ್ತೆ ಹಸಿವಾಗುವುದರಿಂದ ಶೇಂಗಾ, ಹುರಿಗಡಲೆಯಲ್ಲಿ ಜಿಪುಣತನ ಬೇಡ. ಜೊತೆಗೆ ಒಂದು ಲೋಟ ಮಜ್ಜಿಗೆ ಇರಲಿ.

ಮೊಟ್ಟೆ ಸಾರು ಅಥವಾ ಹುರುಳಿ ಸಾರು (30 ನಿಮಿಷ)

ಕೋಡಿಗುಡ್ಡು ಪುಲುಸಿಗೆ ಮಸಾಲೆ ರುಬ್ಬಲೇಬೇಕೆಂದಿಲ್ಲ. ಈರುಳ್ಳಿ, ಟೊಮೆಟೊ ಬಾಡಿಸಿ ಖಾರದ ಪುಡಿ, ಧನಿಯಾ ಪುಡಿ, ಹುಣಸೆ ರಸ ಹಾಕಿ ಕುದಿಸಿ, ಮೊಟ್ಟೆಯನ್ನು ನೇರವಾಗಿ ಒಡೆದು ಹಾಕಿ, ಕಲಕದೆ ಹಳದಿ ಭಾಗವೂ ಗಟ್ಟಿಯಾಗುವವರೆಗೆ ಮುಚ್ಚಿ ಬೇಯಿಸಿದರೆ ಸಾಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ.

ಮೊಟ್ಟೆ ತಿನ್ನದ ಮನೆಯವರು ಬೆಳಿಗ್ಗೆ ನೆನೆಸಿದ ಹುರುಳಿಯನ್ನು, ಅಂದರೆ ಉಲವಲನ್ನು, ಇದೇ ಸಾರಿಗೆ ಹಾಕಬಹುದು. ಕುಕ್ಕರಿನಲ್ಲಿ 20 ನಿಮಿಷ ಬೇಯಬೇಕು. ನೆನೆಸದ ಹುರುಳಿಯನ್ನು ರಾತ್ರಿ ಎಂಟಕ್ಕೆ ಒಲೆಗೇರಿಸಿದರೆ ಊಟ ಹತ್ತಕ್ಕೇ.

ಮಾಡಬಾರದ್ದು

ರಾಗಿ ರೊಟ್ಟಿ, ಬಸ್ಸಾರು, ಒಬ್ಬಟ್ಟಿನ ಸಾರು ರುಚಿಯಲ್ಲಿ ಮೇಲು. ಆದರೆ ರೊಟ್ಟಿಯನ್ನು ಒಂದೊಂದಾಗಿ ತಟ್ಟಬೇಕು, ಬಸ್ಸಾರಿಗೆ ಬೇಯಿಸಿ, ಬಸಿದು, ರುಬ್ಬಿ, ಮತ್ತೆ ಕುದಿಸಬೇಕು. ಅವು ಬಿಡುವಿನ ದಿನಕ್ಕಿರಲಿ.

ಬೆಳಿಗ್ಗೆ ಎಂಟಕ್ಕೆ ಮಾಡಿದ ಅನ್ನವನ್ನು ಹಾಗೆಯೇ ಇಟ್ಟು ರಾತ್ರಿ ಚಿತ್ರಾನ್ನ ಕಲಸುವ ಅಭ್ಯಾಸ ಹಲವರಿಗಿದೆ. ಬೇಸಿಗೆಯಲ್ಲಿ ಇದು ಅಪಾಯ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಸನೆಯಿಂದ ತಿಳಿಯುವುದೂ ಇಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಆ ಹೊತ್ತಿಗೆ ಬೇಕಾದಷ್ಟೇ ಅನ್ನ ಮಾಡುವುದು ಕ್ಷೇಮ.

ಬೂಸ್ಟು ಹಿಡಿದ, ಮುರುಟಿದ, ಕಹಿಯಾದ ಶೇಂಗಾ ಬೀಜವನ್ನು ಚಟ್ನಿಗೆ ಹಾಕಲೇಬಾರದು. ಬೂಸ್ಟಿನಲ್ಲಿರುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ಹಾನಿಕರ, ಹುರಿದರೂ ಪೂರ್ತಿ ನಾಶವಾಗದು. ಮಾರಾಟಕ್ಕೆ ಒಳ್ಳೆಯ ಕಾಯಿ, ಮನೆಗೆ ಜೊಳ್ಳು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಊಟವಾದ ತಕ್ಷಣ ಟೀ ಕುಡಿದರೆ ಸೊಪ್ಪು, ರಾಗಿಯಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಅದರ ಬದಲು ಸಾರಿಗೆ ನಿಂಬೆ ಹಿಂಡಿಕೊಂಡರೆ ಹೆಚ್ಚು ಸೇರುತ್ತದೆ.

ಎರಡು ನಿಮಿಷದ್ದೆಂದು ಮಕ್ಕಳು ಕೇಳುವ ನೂಡಲ್ಸ್ ಪ್ಯಾಕೆಟ್‌ನಲ್ಲಿ ಇರುವುದು ಹೆಚ್ಚಾಗಿ ಮೈದಾ, ಎಣ್ಣೆ ಮತ್ತು ಉಪ್ಪು. ಅಪರೂಪಕ್ಕೆ ಕೊಟ್ಟರೂ ಒಂದು ಮೊಟ್ಟೆ ಅಥವಾ ಹಿಡಿ ಶೇಂಗಾ ಸೇರಿಸಿ ಕೊಡಬೇಕು.

ಹುಳು ಹಣ್ಣಾಗುವ ವಾರ

ರೇಷ್ಮೆ ಸಾಕುವ ಮನೆಗಳಿಗೆ ಕಷ್ಟದ ವಾರ ಹುಳುವಿನ ಐದನೇ ಹಂತದ್ದು. ಒಟ್ಟು ಸೊಪ್ಪಿನ ಐದರಲ್ಲಿ ನಾಲ್ಕು ಪಾಲನ್ನು ಹುಳು ಆ ಏಳೆಂಟು ದಿನಗಳಲ್ಲೇ ತಿನ್ನುತ್ತದೆ. ರಾತ್ರಿಯೂ ಸೊಪ್ಪು ಹಾಕಬೇಕು. ಹುಳುವಿಗೆ ಹೊತ್ತಿಗೆ ಸರಿಯಾಗಿ ಬಡಿಸಿ ಮನೆಯವರು ಉಪವಾಸ ಮಲಗುವುದು ಯಾವ ನ್ಯಾಯ? ಆ ವಾರಕ್ಕೆಂದೇ ಶೇಂಗಾ ಪುಡಿ, ಹುರಿದ ಹೆಸರುಬೇಳೆ, ಪುರಿ ಮೊದಲೇ ಸಿದ್ಧವಿರಲಿ. ಹುಳುಮನೆಯಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ ಬಳಸುವುದರಿಂದ ಅಡುಗೆಗೆ ಮೊದಲು ಸೋಪು ಹಚ್ಚಿ ಕೈ ತೊಳೆಯುವುದನ್ನು ಮರೆಯುವಂತಿಲ್ಲ.

ಕೆಲಸ ಹಂಚಿಕೊಂಡರೆ

ಬೆಳಿಗ್ಗೆ ಬೇಳೆ ನೆನೆಸುವುದನ್ನು ಶಾಲೆಗೆ ಹೋಗುವ ಮಕ್ಕಳೂ ಮಾಡಬಹುದು. ಸೊಪ್ಪು ಬಿಡಿಸುವುದು ಜಗಲಿಯಲ್ಲಿ ಕುಳಿತ ಅಜ್ಜ ಅಜ್ಜಿಯರಿಗೆ ಹೊತ್ತು ಕಳೆಯುವ ಕೆಲಸ. ಇನ್ನು ಮುದ್ದೆ ತಿರುಗಿಸಲು ಬೇಕಿರುವುದು ತೋಳಿನ ಬಲ. ಅದು ಹೆಂಗಸರೇ ಮಾಡಬೇಕೆಂದು ಯಾರೂ ಬರೆದಿಟ್ಟಿಲ್ಲ. ಗಂಡಸರು ಕೋಲು ಹಿಡಿದರೆ ಇನ್ನೊಂದು ಒಲೆಯ ಸಾರು ಅಷ್ಟರಲ್ಲೇ ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಅರ್ಧ ಗಂಟೆಯಲ್ಲಿ ಅಡುಗೆ ಮುಗಿದರೆ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣಬಹುದು. ಆಗ ಪಾತ್ರೆಯ ತಳದಲ್ಲಿ ಉಳಿದ ತಿಳಿ ಸಾರಲ್ಲ, ಮಸ್ಸೊಪ್ಪಿನ ಗಟ್ಟಿ ಪಾಲೇ ತಾಯಿಯ ತಟ್ಟೆಗೂ ಬೀಳುತ್ತದೆ.