ನಮ್ಮ ಲೆಕ್ಕ ನಮ್ಮ ಕಿಸೆಯಲ್ಲಿ: ಬೆಂಗಳೂರಿನ ಸಿಂಪ್ಯೂಟರ್, ಸಾಸವಡದ ಜೆರಾಕ್ಸ್

ಪುಣೆಯಿಂದ ದಿವೆ ಘಾಟ್ ಹತ್ತಿ ಬಂದರೆ ಸಿಗುವುದು ಸಾಸವಡ. ಜ್ಞಾನೇಶ್ವರ ಮಹಾರಾಜರ ಪಾಲ್ಕಿ ಎರಡು ರಾತ್ರಿ ತಂಗುವ ಊರು, ಅಂಜೂರ ಮತ್ತು ಸೀತಾಫಲದ ಪೇಟೆ. ಜೇಜುರಿಯ ಖಂಡೋಬನನ್ನು ಮೈಲಾರಲಿಂಗನೆಂದೇ ನಂಬಿ ನಡೆದುಕೊಳ್ಳುವ ನಮ್ಮ ಕಡೆಯ ಭಕ್ತರು ಪುಣೆಯಿಂದ ಇದೇ ದಾರಿಯಲ್ಲಿ ಹೋಗುತ್ತಾರೆ. ಅವರಿಗೆ ಚಹಾ, ಇಡ್ಲಿ ಕೊಡುವ ಹೋಟೆಲಿನಲ್ಲಿ ಕನ್ನಡ ಕೇಳಿಸಿದರೆ ಆಶ್ಚರ್ಯವಿಲ್ಲ.

ಕುಂದಾಪುರ ಕಡೆಯ ಅಂಥ ಒಬ್ಬ ಹೋಟೆಲ್ ಮಾಲೀಕರು ಕೆಲ ತಿಂಗಳ ಹಿಂದೆ ನನ್ನ ಕೌಂಟರಿಗೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಕಾಗದ. ಅಡಿಗೆಮನೆ ದೊಡ್ಡದು ಮಾಡಲು ಸಾಲ ಬೇಕಾಗಿತ್ತು. ಮೂರು ಕಡೆ ವಿಚಾರಿಸಿದ್ದರು, ಮೂರೂ ಕಡೆ ಒಂದೊಂದು ಸೆಟ್ ಕೊಟ್ಟಿದ್ದರು: ಎರಡು ವರ್ಷದ ಸ್ಟೇಟ್‌ಮೆಂಟ್, ಪಾನ್, ಆಧಾರ್, ಅಂಗಡಿಯ ಪರವಾನಗಿ, ಮನೆಯವರ ಸಹಿ. ಸಾಲ ಇನ್ನೂ ಆಗಿರಲಿಲ್ಲ. ಆದರೆ ಗುರುತಿಲ್ಲದ ಕಂಪನಿಗಳಿಂದ ದಿನಕ್ಕೆ ಹತ್ತು ಫೋನ್ ಬರತೊಡಗಿತ್ತು. ಇವರು ಮುಖವನ್ನೇ ನೋಡದ ಯಾರೋ ಇವರ ಸಿಬಿಲ್ ತೆಗೆಸಿ ನೋಡಿದ್ದರು.

"ನನ್ನ ಲೆಕ್ಕ ನಂದೇ ಅಲ್ದಾ ಮಾರಾಯ್ರೆ? ಇವ್ರಿಗೆಲ್ಲ ಹೆಂಗೆ ಸಿಕ್ತು?" ಎಂದು ಕೇಳಿದರು.

ಮೂವತ್ತು ವರ್ಷ ಲೆಡ್ಜರು ನೋಡಿದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನೆನಪಾದದ್ದು 2001ರಲ್ಲಿ ಪತ್ರಿಕೆಗಳಲ್ಲಿ ಓದಿದ್ದ ಬೆಂಗಳೂರಿನ ಒಂದು ಯಂತ್ರ. ಅದರ ಹೆಸರು ಸಿಂಪ್ಯೂಟರ್. ಹಿರಿಯ ಓದುಗರಿಗೆ ನೆನಪಿರಬಹುದು.

1998ರಲ್ಲಿ ಬೆಂಗಳೂರಿನಲ್ಲಿ ಮಾಹಿತಿ ತಂತ್ರಜ್ಞಾನದ ಕುರಿತು ಒಂದು ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಬಡವನ ಕೈಗೆ ಎಟಕುವ ಕಂಪ್ಯೂಟರ್ ಬೇಕು ಎಂಬ ಮಾತು ಅಲ್ಲಿ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಬೆಂಗಳೂರಿಗರ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್', ಅಲ್ಲಿನ ನಾಲ್ವರು ಪ್ರಾಧ್ಯಾಪಕರು ಆ ಮಾತನ್ನು ಕೈಗೆತ್ತಿಕೊಂಡರು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್. ಜೊತೆಗೆ ಎಂಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಸೇರಿದರು. 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಆಯಿತು. 2001ರ ಏಪ್ರಿಲ್ 25ರಂದು ಯಂತ್ರದ ಮೊದಲ ಮಾದರಿ ಹೊರಬಂತು. ಅಂಗೈಯಷ್ಟು ಗಾತ್ರ, ಲಿನಕ್ಸ್ ಮೇಲೆ ಓಟ, ಪೆನ್ಸಿಲ್ ಸೆಲ್ಲಿನಂಥ ಸಣ್ಣ ಬ್ಯಾಟರಿ. ಅಕ್ಷರ ಬಾರದವರಿಗಾಗಿ ಕನ್ನಡ, ಹಿಂದಿ, ತಮಿಳಿನಲ್ಲಿ ಓದಿ ಹೇಳುತ್ತಿತ್ತು. ಆ ವರ್ಷ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಸಾಪ್ತಾಹಿಕ ಸಂಚಿಕೆಯಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಅದನ್ನು ಬಹುವಾಗಿ ಹೊಗಳಿದ್ದರು.

ಅದು ಅಗ್ಗದ ಯಂತ್ರವೆಂದು ಎಲ್ಲರೂ ಬರೆದರು. ನನ್ನ ಮಟ್ಟಿಗೆ ಅದರ ನಿಜವಾದ ಜಾಣ್ಮೆ ಬೇರೆಡೆ ಇತ್ತು. ಯಂತ್ರದ ಬೆಲೆ ಸುಮಾರು 9,000 ರೂಪಾಯಿ ಆಗಬೇಕೆಂಬ ಗುರಿ. ಅಷ್ಟನ್ನೂ ಒಬ್ಬ ಕೂಲಿಕಾರ ಎಲ್ಲಿಂದ ತರಬೇಕು? ಆದ್ದರಿಂದ ಊರಿಗೊಂದು ಯಂತ್ರ, ತಲೆಗೊಂದು ಸ್ಮಾರ್ಟ್ ಕಾರ್ಡ್ ಎಂದು ಯೋಜಿಸಿದರು. ಯಂತ್ರ ಪಂಚಾಯಿತಿಯಲ್ಲೋ ಅಂಗಡಿಯಲ್ಲೋ ಇರಲಿ, ಬಾಡಿಗೆಗೆ ಸಿಗಲಿ. ನಿಮ್ಮ ಕಾರ್ಡ್ ತೂರಿಸಿದಾಗ ಅದು ನಿಮ್ಮ ಯಂತ್ರ. ಕಾರ್ಡ್ ತೆಗೆದು ಕಿಸೆಗೆ ಹಾಕಿಕೊಂಡರೆ ನಿಮ್ಮ ವಿವರವೂ ನಿಮ್ಮ ಜೊತೆಗೇ ಹೊರಡುತ್ತದೆ. ಯಂತ್ರ ಊರಿನದು, ಲೆಕ್ಕ ಅವರವರದು. ಇಂದು 'ವಿಕೇಂದ್ರೀಕೃತ ದತ್ತಾಂಶ ಒಡೆತನ' ಎಂದು ದೊಡ್ಡ ಹೆಸರಿಟ್ಟು ಕರೆಯುವ ವಿಚಾರ ಇದೇ. ಕಾರ್ಡಿನಲ್ಲಿ ಹಿಡಿಸುತ್ತಿದ್ದದ್ದು ಸ್ವಲ್ಪವೇ, ಒಪ್ಪಿದೆ. ಆದರೆ ಪಾಸ್‌ಬುಕ್ಕಿನಲ್ಲಿ ಮಾತ್ರ ಎಷ್ಟು ಹಿಡಿಸುತ್ತದೆ?

ಟಾಟಾ ಇನ್‌ಸ್ಟಿಟ್ಯೂಟಿನ ಪಾತ್ರವನ್ನು ಇಲ್ಲಿ ಹೇಳಲೇಬೇಕು. ಜಮ್‌ಷೆಡ್‌ಜಿ ಟಾಟಾ ಅವರ ದಾನ ಮತ್ತು ಮೈಸೂರು ಅರಸರು ಕೊಟ್ಟ 371 ಎಕರೆ ಜಾಗದ ಮೇಲೆ 1909ರಲ್ಲಿ ನಿಂತ ಸಂಸ್ಥೆ ಅದು. ಮೇಷ್ಟ್ರಾದವರು ವ್ಯಾಪಾರ ಮಾಡಬಾರದೆಂಬ ಭಾವನೆ ನಮ್ಮಲ್ಲಿ ಹಳೆಯದು. ಈ ನಾಲ್ವರು 2000ದಲ್ಲಿ ಸ್ಟ್ರಾಂಡ್ ಜೀನೋಮಿಕ್ಸ್ ಎಂಬ ಕಂಪನಿ ಕಟ್ಟಿದ್ದರು. ಸಿಂಪ್ಯೂಟರ್ ತಯಾರಿಸಿ ಮಾರಲು ಪಿಕೋಪೀಟಾ ಎಂಬ ಇನ್ನೊಂದು ಕಂಪನಿ ಬಂತು. ಪಾಠ ಹೇಳುವವರು ಕಂಪನಿ ಕಟ್ಟಬಹುದೆಂದು ಒಂದು ದೊಡ್ಡ ವಿದ್ಯಾಸಂಸ್ಥೆ ಒಪ್ಪಿಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಸ್ಟಾರ್ಟ್‌ಅಪ್ ಎಂಬ ಶಬ್ದವೇ ಆಗ ನಮ್ಮ ಪೇಟೆಗೆ ಬಂದಿರಲಿಲ್ಲ.

ಮುಂದೇನಾಯಿತು? 2004ರಲ್ಲಿ ಪಿಕೋಪೀಟಾ ಮತ್ತು ಬಿಇಎಲ್ ಸೇರಿ 'ಅಮಿಡಾ' ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದವು. ಕೈಯಲ್ಲಿ ಅಲುಗಾಡಿಸಿದರೆ ಪುಟ ತಿರುಗುವ ಯಂತ್ರ. ಐಫೋನ್ ಬರಲು ಆಗಿನ್ನೂ ಮೂರು ವರ್ಷ ಇತ್ತು. ಕಪ್ಪು-ಬಿಳುಪು ಪರದೆಯದ್ದಕ್ಕೆ ಸುಮಾರು 10,000 ರೂಪಾಯಿ, ಬಣ್ಣದ್ದಕ್ಕೆ ಅದರ ಸುಮಾರು ದುಪ್ಪಟ್ಟು. ನಿರೀಕ್ಷೆ 50,000 ಯಂತ್ರಗಳದ್ದು, 2005ರ ವೇಳೆಗೆ ಹೋದದ್ದು ಸುಮಾರು 4,000. ಸರ್ಕಾರಗಳಿಂದ ದೊಡ್ಡ ಖರೀದಿ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ತರಕಾರಿ ಮಾರುವವರ ಕೈಗೂ ಬಂದುಬಿಟ್ಟಿತ್ತು. ವಿದ್ಯಾಸಂಸ್ಥೆ ಬುದ್ಧಿ ಕೊಟ್ಟಿತು, ಹೆಸರು ಕೊಟ್ಟಿತು. ಹತ್ತು ವರ್ಷ ಕಾಯಬಲ್ಲ ಬಂಡವಾಳ ಯಾರು ಕೊಡಬೇಕಾಗಿತ್ತೋ ಅವರು ಕೊಡಲಿಲ್ಲ. ಬ್ಯಾಂಕಿನವನಾಗಿ ಈ ಮಾತು ಬರೆಯಲು ನನಗೆ ಸಂಕೋಚವಾಗುತ್ತದೆ.

ಇದೇ ವಿಚಾರ ಬೇರೆ ದೇಶದಲ್ಲೂ ವಿದ್ಯಾಸಂಸ್ಥೆಯ ಅಂಗಳದಿಂದಲೇ ಹೊರಟಿದೆ. ಜಾಲತಾಣಗಳ ಜಗತ್ತನ್ನೇ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಅಮೆರಿಕದ ಎಂಐಟಿಯಲ್ಲಿ 'ಸಾಲಿಡ್' ಎಂಬ ವ್ಯವಸ್ಥೆ ಬೆಳೆಸಿ, 2018ರಲ್ಲಿ ಅದಕ್ಕಾಗಿ ಇನ್‌ರಪ್ಟ್ ಎಂಬ ಕಂಪನಿಯನ್ನು ಬೆಳಕಿಗೆ ತಂದರು. ಒಬ್ಬೊಬ್ಬರ ಮಾಹಿತಿ ಅವರವರ ಸ್ವಂತ ಡಬ್ಬಿಯಲ್ಲಿ; ಬೇಕಾದವರು ಕೇಳಿಕೊಂಡು ಬರಬೇಕು. ಬೆಲ್ಜಿಯಂನ ಫ್ಲಾಂಡರ್ಸ್ ಸರ್ಕಾರ ಇದನ್ನು ಕೈಗೆತ್ತಿಕೊಂಡಿತು. ನಮ್ಮ ಕಾರ್ಡು ಅವರ ಡಬ್ಬಿಗಿಂತ ಹಿರಿಯದು ಎಂದು ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಈಗ ನಮ್ಮ ಹೋಟೆಲ್ ಮಾಲೀಕರ ಚೀಲಕ್ಕೆ ಬರೋಣ. ರಿಸರ್ವ್ ಬ್ಯಾಂಕ್ 2016ರ ಸೆಪ್ಟೆಂಬರಿನಲ್ಲಿ 'ಅಕೌಂಟ್ ಅಗ್ರಿಗೇಟರ್' ಎಂಬ ಹೊಸ ಬಗೆಯ ಸಂಸ್ಥೆಗಳಿಗೆ ನಿಯಮ ಮಾಡಿತು. 2021ರ ಸೆಪ್ಟೆಂಬರ್ 2ರಂದು ಎಂಟು ಬ್ಯಾಂಕುಗಳೊಂದಿಗೆ ವ್ಯವಸ್ಥೆ ಜನರೆದುರು ಬಂತು. ಇದು ಅಂಚೆಯವನ ಹಾಗೆ. ನಿಮ್ಮ ಸ್ಟೇಟ್‌ಮೆಂಟನ್ನು ಮುಚ್ಚಿದ ಲಕೋಟೆಯಲ್ಲಿ ಒಂದು ಬ್ಯಾಂಕಿನಿಂದ ಸಾಲ ಕೊಡುವ ಇನ್ನೊಂದಕ್ಕೆ ಒಯ್ಯುತ್ತದೆ, ಬಿಚ್ಚಿ ಓದಲಾರದು. ನೀವು ಮೊಬೈಲಿನಲ್ಲಿ ಒಪ್ಪಿಗೆ ಕೊಡಬೇಕು. ಯಾವ ಕೆಲಸಕ್ಕೆ, ಎಷ್ಟು ತಿಂಗಳ ಲೆಕ್ಕ, ಒಮ್ಮೆಯೋ ಮತ್ತೆ ಮತ್ತೆಯೋ, ಎಲ್ಲಿಯವರೆಗೆ ಎಂಬುದೆಲ್ಲ ಆ ಒಪ್ಪಿಗೆಯಲ್ಲಿ ಬರೆದಿರುತ್ತದೆ. ಬೇಡವೆನಿಸಿದರೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ದಯವಿಟ್ಟು ನಮ್ಮವರು ಆ ಪರದೆಯನ್ನು ಓದದೆ ಒತ್ತಬೇಡಿ. 'ಒಮ್ಮೆ' ಸಾಕಾಗುವ ಕಡೆ 'ಪ್ರತಿ ತಿಂಗಳು' ಎಂದಿದ್ದರೆ ಯಾಕೆಂದು ಕೇಳಿ.

ಇದು ಸಿಂಪ್ಯೂಟರಿನ ಕಾರ್ಡೇ ಎನ್ನಲು ಮಾತ್ರ ನನಗೆ ಮನಸ್ಸಿಲ್ಲ. ಲೆಕ್ಕ ಬ್ಯಾಂಕಿನ ಬಳಿಯೇ ಇದೆ; ನಮ್ಮ ಕೈಗೆ ಬಂದದ್ದು ಬೀಗದ ಕೈ ಮಾತ್ರ. ಒಮ್ಮೆ ಕೊಟ್ಟಮೇಲೆ ಸಾಲ ಕೊಡುವವರು ಅದನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಕಾನೂನೇ ನೋಡಿಕೊಳ್ಳಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 2023ರಲ್ಲಿ ಬಂತು, ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಮುಗಳ ಜಾರಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿ ಇಟ್ಟಿದ್ದಾರೆ.

ಸಾಸವಡದಲ್ಲಿ ಇನ್ನೊಂದು ತೊಡಕು. ನಮ್ಮ ಹೋಟೆಲ್ ಮಾಲೀಕರ ಅರ್ಧ ವ್ಯವಹಾರ ಬ್ಯಾಂಕಿನಲ್ಲಿ, ಇನ್ನರ್ಧ ಪತಸಂಸ್ಥೆಯಲ್ಲಿ. ದಿನಾ ಸಂಜೆ ಗಲ್ಲಾ ಎಣಿಸುವ ಹೊತ್ತಿಗೆ ಪಿಗ್ಮಿಯವನು ಬಂದು ನಿಲ್ಲುತ್ತಾನೆ. ಸಹಕಾರ ಇಲಾಖೆಯ ಕೈಕೆಳಗಿನ ಪತಸಂಸ್ಥೆಗಳು ಈ ವ್ಯವಸ್ಥೆಯೊಳಗೆ ಬರುವುದಿಲ್ಲ. ಬ್ಯಾಂಕ್ ಖಾತೆಯಲ್ಲಾದರೂ ಇವರ ಹಳೆಯ ಮೊಬೈಲ್ ನಂಬರೇ ಇತ್ತು. ಆ ನಂಬರ್ ನಿಂತು ನಾಲ್ಕು ವರ್ಷವಾಗಿತ್ತು, ಒಪ್ಪಿಗೆಯ ಸಂದೇಶ ಬರುವುದೆಲ್ಲಿಗೆ? ಮೊದಲು ಅದನ್ನು ಬದಲಾಯಿಸಿದೆವು. ಸಂಘದ ಸದಸ್ಯರು ತಂತಮ್ಮ ಖಾತೆಯಲ್ಲಿ ಯಾವ ನಂಬರ್ ಇದೆ ಎಂದು ಈ ವಾರವೇ ನೋಡಿಕೊಳ್ಳುವುದು ಒಳ್ಳೆಯದು.

ಬ್ಯಾಂಕಿನ ಲೆಕ್ಕ ಮೊಬೈಲಿನಿಂದ ಹೋಯಿತು, ಪತಸಂಸ್ಥೆಯದ್ದು ಮತ್ತೆ ಜೆರಾಕ್ಸ್ ಅಂಗಡಿಯಿಂದ. ಈ ಸಲ ಒಂದೊಂದು ಪ್ರತಿಯ ಮೇಲೂ ಯಾವ ಕೆಲಸಕ್ಕೆ, ಯಾರಿಗೆ, ಯಾವ ತಾರೀಖು ಎಂದು ಅಡ್ಡಲಾಗಿ ಬರೆಸಿ ಸಹಿ ಮಾಡಿಸಿದೆ. ಸಾಲ ಮಂಜೂರಾಗಿ ಅಡಿಗೆಮನೆಯ ಗೋಡೆ ಎದ್ದಿದೆ. ಮೊದಲು ಕೊಟ್ಟಿದ್ದ ಮೂರು ಸೆಟ್ ಕಾಗದ ವಾಪಸ್ ಕೇಳಿಕೊಂಡು ಬರಲು ಅವರು ಒಂದು ದಿನ ಹೋಟೆಲನ್ನು ತಮ್ಮನಿಗೆ ಬಿಟ್ಟು ಪುಣೆಗೆ ಹೋಗಿದ್ದರು. ಒಂದು ಕಡೆ ಸಿಕ್ಕಿತು. ಎರಡು ಕಡೆ ಹುಡುಕುತ್ತೇವೆ, ನಾಳೆ ಬನ್ನಿ ಎಂದಿದ್ದಾರಂತೆ.